ಬೀಗದಕೈಗೆ ಕಟ್ಟಿದ ಕೊಕ್ಕೆ

ನಮ್ಮ ಬಂಡಿದಾರಿಯ ಗೇಟಿಗೆ ಎರಡು ಬೀಗದಕೈ. ಒಂದು ನಮ್ಮದು. ಇನ್ನೊಂದು ಪಕ್ಕದ ತೂಬಿನ ಮನೆಯವರದು, ಅದು ಒಂಟಿಯಾಗಿ ಎಂದೂ ಇದ್ದದ್ದಿಲ್ಲ. ಕಾಲುವೆಯಿಂದ ಜೊಂಡು ಎಳೆದು ಹಾಕುವ ಆಳುದ್ದದ ಕೊಕ್ಕೆಯ ಹಿಡಿಗೆ ಅದನ್ನು ಟಾರು ಬಳಿದ ಹುರಿಯಿಂದ ಬಿಗಿದು ಕಟ್ಟಿದ್ದವನು ನನ್ನ ಅಜ್ಜ ಏಮಸ್. ಹುರಿ ಸವೆದಾಗ ಅಪ್ಪ ಹೊಸದು ಕಟ್ಟಿದ, ಅಪ್ಪನ ನಂತರ ನಾನು ಕಟ್ಟಿದೆ. ಅದನ್ನು ಕತ್ತರಿಸಿದವನು ನನ್ನ ಗಂಡ ಸಿರಿಲ್.

ನಮ್ಮದು ಪ್ಯಾರೆಟ್ ನದಿಯ ಬದಿಯ ತಗ್ಗು ನೆಲ. ಸಮುದ್ರದ ಉಬ್ಬರ ಇಲ್ಲಿಯವರೆಗೂ ಬಂದು ನದಿಯನ್ನು ಹಿಂದಕ್ಕೆ ತಳ್ಳುತ್ತದೆ. ಸುತ್ತಲ ಹುಲ್ಲುಗಾವಲಿನ ನೀರು ಒಂದು ಕಾಲುವೆಯಲ್ಲಿ ಸೇರಿ, ನಮ್ಮ ಅಂಗಳದ ಅಂಚಿನಲ್ಲೇ ಹಾದು, ತೂಬಿನ ಮನೆಯ ತೋಟ ದಾಟಿ, ತೂಬಿನಿಂದ ನದಿಗೆ ಬೀಳಬೇಕು. ಇಳಿತದ ಹೊತ್ತಿನಲ್ಲಿ ತೂಬಿನ ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಉಬ್ಬರ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಾಲುವೆ ಚೊಕ್ಕಟವಾಗಿದ್ದರೆ ನಮಗೆ ಚಿಂತೆಯಿಲ್ಲ. ಅದು ಕಟ್ಟಿಕೊಂಡರೆ ನೀರು ಮೊದಲು ಬರುವುದು ನಮ್ಮ ಅಡುಗೆಮನೆಗೆ. ಒಮ್ಮೆ ಬಂದಿತ್ತು. ನಮ್ಮದು ಮಣ್ಣಿನ ಗೋಡೆಯ ಮನೆ. ಇನ್ನೊಂದು ಸಲ ನೆನೆದರೆ ಹಿಂದಿನ ಗೋಡೆ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಹೇಳಿಹೋಗಿದ್ದ, ವಿಮೆಯವರಂತೂ ನಮ್ಮ ಮನೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಮನೆ ಹೋದರೆ ನಮಗಿದ್ದದ್ದು ಬ್ರಿಜ್‌ವಾಟರಿನಲ್ಲಿ ಸಿರಿಲ್‌ನ ಅಕ್ಕನ ಹಿಂದಿನ ಕೋಣೆ. ಆ ಹೆಂಗಸಿನ ಜೊತೆ ಒಂದೇ ಟೀಪಾಟಿನಿಂದ ಚಹಾ ಕುಡಿಯುವ ಯೋಚನೆ ಬಂದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಮನೆಯೂ ಒಂದು ಕಾಲದಲ್ಲಿ ಅಜ್ಜನದೇ. ಯುದ್ಧಕ್ಕೆ ಮುಂಚೆ, ಕೈ ಬರಿದಾದಾಗ, ತೂಬಿನ ಮನೆಯನ್ನು ಒಬ್ಬ ಡಾಕ್ಟರಿಗೆ ಮಾರಿದ. ಆ ಕ್ರಯಪತ್ರದ ಕರಾರುಗಳು ನಮ್ಮ ಮನೆಯಲ್ಲಿ ಮಗ್ಗಿಯಷ್ಟೇ ಬಾಯಿಪಾಠ. ತೂಬಿನ ಮನೆಯವರು ಕಾಲುವೆಯನ್ನೂ ತೂಬನ್ನೂ ಸುಸ್ಥಿತಿಯಲ್ಲಿ ಇಡಬೇಕು. ನಾವು ನಮ್ಮ ಕಡೆಯ ಒಡ್ಡನ್ನು ಎಂದಿಗೂ ಎತ್ತರಿಸಬಾರದು, ಯಾಕೆಂದರೆ ನಮ್ಮ ಒಡ್ಡು ಎದ್ದರೆ ನೀರು ತಿರುಗಿ ಅವರ ಮನೆಗೆ ನುಗ್ಗುತ್ತದೆ. ಮತ್ತೆ, ಕಾಲುವೆಯ ಕೆಲಸ ಮಾಡುತ್ತಾರೆಂಬ ಷರತ್ತಿನ ಮೇಲೆ ಅವರು ನಮ್ಮ ಬಂಡಿದಾರಿಯಲ್ಲಿ ಓಡಾಡಬಹುದು. ಆ ದಾರಿ ಎತ್ತರದಲ್ಲಿದೆ, ಎಂಥ ಚಳಿಗಾಲದಲ್ಲೂ ಮುಳುಗುವುದಿಲ್ಲ. ಅದಕ್ಕೇ ಅಜ್ಜ ಬೀಗದಕೈಯನ್ನು ಕೊಕ್ಕೆಗೆ ಕಟ್ಟಿದ್ದು. ದಾರಿ ಬೇಕೆಂದವನು ಕೊಕ್ಕೆಯನ್ನೂ ಹಿಡಿಯಬೇಕು. ತೂಬಿನ ಮನೆಗೆ ಹೊಸಬರು ಬಂದ ದಿನ ಎರಡನ್ನೂ ಒಟ್ಟಿಗೆ ಕೊಡುವುದು, ಅವರು ಬಿಟ್ಟುಹೋಗುವ ದಿನ ಒಟ್ಟಿಗೆ ವಾಪಸು ಪಡೆಯುವುದು ಪದ್ಧತಿಯಾಯಿತು.

ಲ್ಯಾಂಗ್ಲಿ ದಂಪತಿಗಳು ಲಂಡನ್ನಿನಿಂದ ಬಂದ ದಿನ ನಾನು ಲ್ಯಾಂಗ್‌ಪೋರ್ಟಿನ ಸಂತೆಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಕೊಕ್ಕೆ ಮಾತ್ರ ಮೂಲೆಯಲ್ಲಿ ಒರಗಿ ನಿಂತಿತ್ತು. ಬೀಗದಕೈ ಎಲ್ಲಿ ಎಂದು ಕೇಳಿದೆ.

"ಕೊಟ್ಟೆ. ಒಂದು ಬಾಟ್ಲಿ ಸೇಬಿನ ಸೈಡರೂ ಕೊಟ್ಟೆ," ಎಂದ ಸಿರಿಲ್, ಏನೋ ಪುಣ್ಯದ ಕೆಲಸ ಮಾಡಿದವನ ಹಾಗೆ.

"ಕೊಕ್ಕೆ?"

"ಪಾಪ, ಈಗಷ್ಟೇ ಲಾರಿಯಿಂದ ಸಾಮಾನು ಇಳಿಸ್ತಾ ಇದ್ರು ಮೇವಿಸ್. ಅಷ್ಟುದ್ದದ ಕೊಕ್ಕೆ ತಗೊಂಡೋಗಿ ಕೈಗೆ ತುರುಕಿದ್ರೆ ಏನಂದ್ಕೋತಾರೆ? ನಾಚಿಕೆ ಆಗಲ್ವಾ? ದಾರಿ ನಿಮ್ದೇ ಅಂದ್ಕೊಂಡು ಓಡಾಡಿ ಸಾರ್, ಕಾಗದದ ಮಾತೆಲ್ಲ ಹಳೇ ಕಾಲದ್ದು ಅಂದೆ."

"ನಿನ್ನ ನಾಚಿಕೆ ಕಾಯೋಕೆ ನನ್ನ ಮನೆ ಮುಳುಗಬೇಕಾ?" ಎಂದೆ. ಅವನು ಕೆಟಲ್ ಒಲೆಯ ಮೇಲಿಟ್ಟ. ಮದುವೆಯಾದಾಗಿನಿಂದ ನನ್ನ ಗಂಡ ಪ್ರತಿಯೊಂದು ಜಗಳಕ್ಕೂ ಕೆಟಲ್ ಇಟ್ಟು ಉತ್ತರ ಕೊಟ್ಟವನು.

ಲ್ಯಾಂಗ್ಲಿ ಕೆಟ್ಟ ಮನುಷ್ಯನೇನೂ ಅಲ್ಲ, ಅದು ಇನ್ನೂ ಕಷ್ಟ. ಕೆಟ್ಟವನಾಗಿದ್ದರೆ ಮೊದಲ ವಾರವೇ ಬೈದು ಮುಗಿಸಬಹುದಿತ್ತು. ಎತ್ತರದ ಆಳು, ಮೆತ್ತಗಿನ ಮಾತು, ಕುತ್ತಿಗೆಗೆ ಸದಾ ದುರ್ಬೀನು. ಕಾಲುವೆಯ ಜೊಂಡಿನಲ್ಲಿ ಯಾವುದೋ ಹಕ್ಕಿ ಗೂಡು ಕಟ್ಟಿದೆ ಎಂದು ಅದನ್ನು ಮುಟ್ಟಲಿಲ್ಲ. ಮರುವರ್ಷ ಜೊಂಡು ಎದೆಮಟ್ಟ ಬೆಳೆಯಿತು, ಅದರ ಮರುವರ್ಷ ಕಾಲುವೆಯೇ ಕಾಣದಾಯಿತು. ತೂಬಿನ ಬಾಗಿಲಿಗೆ ಹೂಳು ತುಂಬಿ ಅದು ಅರ್ಧಕ್ಕೇ ಏಳತೊಡಗಿತು. ನೀರು ನಿಂತು ಕನ್ನಡಿಯಂತಿದೆ, ಸಂಜೆ ಎಷ್ಟು ಚೆನ್ನ ಎಂದು ಅವನ ಹೆಂಡತಿ ಕ್ಲೆಮೆನ್ಸಿ ಚರ್ಚಿನಲ್ಲಿ ಎಲ್ಲರಿಗೂ ಹೇಳಿದಳು. ನಾನು ಪಕ್ಕದಲ್ಲೇ ಕೂತು ಹೌದೌದು ಎಂದೆ.

ನಮ್ಮ ಕಡೆಯವರು ಯಾರಿಗೂ ಏನನ್ನೂ ನೇರವಾಗಿ ಹೇಳುವವರಲ್ಲ. ಗೇಟಿನ ಬಳಿ ಸಿಕ್ಕಾಗ ಮೋಡದ ಬಗ್ಗೆ ಹೇಳಿದೆ, ಕಾಲುವೆಯಲ್ಲಿ ಜೊಂಡು ಈ ಸಲ ಸ್ವಲ್ಪ ದಟ್ಟವಾಗಿದೆ ಎಂದೆ, ಅಜ್ಜನ ಕಾಲದ ಪ್ರವಾಹದ ಕಥೆ ಹೇಳಿದೆ. ಅವನು ಎಲ್ಲಕ್ಕೂ ನಕ್ಕು ತಲೆಯಾಡಿಸಿ ಕಾರು ಹತ್ತಿದ. ಕೊನೆಗೆ ಒಂದು ಚಳಿಗಾಲ ನೀರು ನಮ್ಮ ಹೊಸಿಲ ಕೆಳಗಿನ ಕಲ್ಲಿನ ತನಕ ಬಂದು ನಿಂತು ಹೋದ ಮೇಲೆ, ನಾಚಿಕೆ ಬಿಟ್ಟು ಅವನ ಬಾಗಿಲು ತಟ್ಟಿದೆ. ಕರಾರು ಇದೆ, ಕಾಲುವೆ ತೆಗೆಸಿ, ಇಲ್ಲವಾದರೆ ನಾನೇ ಬಂದು ತೆಗೆಯುತ್ತೇನೆ ಎಂದೆ. ಅವನ ಮುಖ ಬಿಗಿಯಿತು. ತನ್ನ ತೋಟಕ್ಕೆ ಯಾರೂ ಬಂದು ಏನನ್ನೂ ಕೀಳುವಂತಿಲ್ಲ ಎಂದ, ಬಹಳ ಮರ್ಯಾದೆಯಿಂದಲೇ.

ಆಮೇಲೆ ಲಂಡನ್ನಿನಿಂದ ಅವನ ವಕೀಲರ ಪತ್ರ ಬಂತು. ಕಾಲುವೆ ಶುಚಿ ಮಾಡುತ್ತೇನೆಂದು ಮಾತು ಕೊಟ್ಟವನು ಡಾಕ್ಟರ್. ಡಾಕ್ಟರ್ ತೀರಿಕೊಂಡು ಬಹಳ ಕಾಲವಾಯಿತು. ಆ ಮಾತು ತಮ್ಮ ಕಕ್ಷಿದಾರರನ್ನು ಕಟ್ಟುವುದಿಲ್ಲ ಎಂದು ಅದರಲ್ಲಿತ್ತು. ನಾನು ಆ ಪತ್ರ ಹಿಡಿದು ಲ್ಯಾಂಗ್‌ಪೋರ್ಟಿನ ನಮ್ಮ ವಕೀಲೆ ಮಿಸ್ ಪ್ಯಾಡ್‌ಫೀಲ್ಡ್ ಹತ್ತಿರ ಹೋದೆ. ಇದು ಶುದ್ಧ ಸುಳ್ಳು ಎಂದು ಅವರು ಮೇಜು ಗುದ್ದುತ್ತಾರೆಂದು ನನ್ನ ಲೆಕ್ಕ. ಅವರು ಕನ್ನಡಕ ತೆಗೆದು ಒರೆಸಿದರು.

"ಅವರು ಹೇಳೋದು ಸರಿ ಇದೆ ಮಿಸೆಸ್ ಹೆಂಬ್ರೋ," ಎಂದರು.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮಾರಿದವನೂ ಕೊಂಡವನೂ ಬದುಕಿರುವ ತನಕ ಅವರವರ ಮಾತು ಅವರವರನ್ನು ಕಟ್ಟುತ್ತದೆ. ಆಮೇಲೆ ಬಂದ ಒಡೆಯನ ಮೇಲೆ ಎಲ್ಲ ಮಾತೂ ಇಳಿಯುವುದಿಲ್ಲ. ಇಂಥದ್ದನ್ನು ಮಾಡಬೇಡ ಎಂಬ ಕರಾರು, ಪಕ್ಕದ ನೆಲದ ಒಳ್ಳೆಯದಕ್ಕೆಂದು ಬರೆದು ನೋಂದಾಯಿಸಿದ್ದರೆ, ನೆಲದ ಜೊತೆಗೇ ಹೋಗುತ್ತದೆ. ಯಾರು ಕೊಂಡರೂ ಅದಕ್ಕೆ ತಲೆಬಾಗಲೇಬೇಕು. ಆದರೆ ಇಂಥದ್ದನ್ನು ಮಾಡು, ಕೈಯಿಂದ ಖರ್ಚು ಮಾಡು, ಮೈ ಬಗ್ಗಿಸು ಎಂಬ ಕರಾರು ಮಾತು ಕೊಟ್ಟವನ ಜೊತೆಯಲ್ಲೇ ನಿಂತುಬಿಡುತ್ತದೆ.

"ಹಾಗಾದ್ರೆ ನಮ್ಮ ಒಡ್ಡು?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ಎತ್ತರಿಸಬಾರದು ಅನ್ನೋದು ಮಾಡಬೇಡ ಅನ್ನೋ ಮಾತು. ಅದು ಜೀವಂತ ಇದೆ. ನಿಮ್ಮನ್ನ ಕಟ್ಟುತ್ತೆ."

ಒಂದೇ ಕಾಗದ, ಒಂದೇ ದಿನ, ಒಂದೇ ಮಸಿ. ಅವರು ಕೊಟ್ಟ ಮಾತು ಡಾಕ್ಟರ ಜೊತೆ ಮಣ್ಣಾಯಿತು, ನಮ್ಮಜ್ಜ ಕೊಟ್ಟ ಮಾತು ಮಾತ್ರ ನನ್ನ ಕುತ್ತಿಗೆಗೆ ಬಿತ್ತು. ಇದೆಂಥ ನ್ಯಾಯ ಎಂದು ನಾನು ದನಿ ಎತ್ತಿದೆ. ಹೊರಗೆ ಕೂತಿದ್ದ ಗುಮಾಸ್ತೆ ಬಾಗಿಲು ತೆರೆದು ಇಣುಕಿದಳು. ಮಿಸ್ ಪ್ಯಾಡ್‌ಫೀಲ್ಡ್ ಕೋಪಿಸಿಕೊಳ್ಳಲಿಲ್ಲ. ಬಂಡಿದಾರಿಯ ಕರಾರನ್ನು ಇನ್ನೊಮ್ಮೆ ಓದಿ, ಅವರು ಆ ದಾರಿಯಲ್ಲಿ ಓಡಾಡುತ್ತಾರೆಯೇ ಎಂದು ಕೇಳಿದರು. ದಿನಾ ಎಂದೆ. ಯಾರನ್ನು ಕೇಳಿ? ಸಿರಿಲ್ ಹೇಳಿದ್ದನ್ನು ಹೇಳಿದೆ.

"ಅಯ್ಯೋ ಸಿರಿಲ್," ಎಂದು ಅವರು ಮೊದಲ ಸಲ ನಕ್ಕರು. "ಕರಾರಿನ ಪ್ರಕಾರ ಬಂದಿದ್ರೆ ದಾರಿಯ ಜೊತೆ ಕಾಲುವೆ ಕೆಲಸಾನೂ ಅವರ ತಲೆ ಮೇಲೆ ಬೀಳ್ತಿತ್ತು. ಲಾಭ ತಗೊಂಡವನು ಅದಕ್ಕೆ ಅಂಟಿಕೊಂಡಿರೋ ಹೊರೆಯನ್ನೂ ಹೊರಬೇಕು, ಕೋರ್ಟು ಅಷ್ಟು ಒಪ್ಪುತ್ತೆ. ನಿಮ್ಮೆಜಮಾನ್ರು ಅದನ್ನ ಬರೀ ಸ್ನೇಹದ ಉಪಕಾರ ಮಾಡಿಟ್ಟಿದಾರೆ. ಮೊದಲು ಆ ಉಪಕಾರ ವಾಪಸು ತಗೊಳ್ಳಿ. ಆಮೇಲೆ ಅವರು ಚಕ್ರ ಇಟ್ರೆ ಕರಾರಿನ ಮೇಲೇ ಇಡಬೇಕು. ಆದ್ರೆ ದಾರಿ ನಂಗೆ ಬೇಡ ಅಂದ್ರೆ, ಕಾಲುವೇನೂ ಬೇಡ ಅನ್ನಬಹುದು. ಅಲ್ಲಿಗೆ ನನ್ನ ಕೈಯಲ್ಲಿ ಏನೂ ಇಲ್ಲ." ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. "ಮತ್ತೆ ಯಾವತ್ತೂ ಪಾಪ ಅಂತ ಸುಮ್ಮನೆ ಗೇಟು ತೆಗೀಬೇಡಿ. ತೆಗೆದ್ರೆ ಮತ್ತೆ ಉಪಕಾರವೇ ಆಗುತ್ತೆ."

ಅವರೇ ಲ್ಯಾಂಗ್ಲಿಗೆ ಪತ್ರ ಬರೆದರು. ಕೊಟ್ಟಿದ್ದ ಅನುಮತಿ ರದ್ದಾಗಿದೆ, ಕರಾರಿನ ಪ್ರಕಾರ ದಾರಿ ಬೇಕಾದರೆ ಬೀಗದಕೈ ಸಿದ್ಧವಿದೆ, ಕಾಲುವೆಯ ಕೆಲಸವೂ ಅದರ ಜೊತೆಗಿದೆ ಎಂದು. ನಾನು ಗೇಟಿಗೆ ಹೊಸ ಬೀಗ ಹಾಕಿ, ಅದರ ಎರಡನೆಯ ಬೀಗದಕೈಯನ್ನು ಅಜ್ಜನ ಕೊಕ್ಕೆಗೆ ಹುರಿ ಸುತ್ತಿ ಕಟ್ಟಿ ಮೊಳೆಗೆ ನೇತುಹಾಕಿದೆ. ಸಿರಿಲ್ ಎರಡು ದಿನ ಗೇಟಿನ ಕಡೆ ಮುಖ ಹಾಕಲಿಲ್ಲ.

ಲ್ಯಾಂಗ್ಲಿಯ ಉತ್ತರ ಚುಟುಕಾಗಿತ್ತು. ದಾರಿ ಬೇಡ, ಮುಂದಿನ ರಸ್ತೆ ಚೆನ್ನಾಗಿಯೇ ಇದೆ.

ಆಗ ಸೆಪ್ಟೆಂಬರ್, ಬಿಸಿಲು. ಮುಂದಿನ ರಸ್ತೆ ಚೆನ್ನಾಗಿಯೇ ಇತ್ತು. ಚಳಿಗಾಲದಲ್ಲಿ ಎಲ್ಲಕ್ಕಿಂತ ಮೊದಲು ಮುಳುಗುವುದು ಅದೇ ಎಂದು ಊರಿನಲ್ಲಿ ಯಾರೂ ಅವನಿಗೆ ಹೇಳಲಿಲ್ಲ. ಅವನು ಬಂದ ಮೇಲಿನ ಚಳಿಗಾಲಗಳಲ್ಲಿ ಬಂಡಿದಾರಿ ಇದ್ದದ್ದರಿಂದ ಅವನಿಗೆ ರಸ್ತೆಯ ಗೊಡವೆಯೇ ಬಿದ್ದಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಅವನು ಕೇಳಲಿಲ್ಲ.

ಡಿಸೆಂಬರಿಡೀ ಸುರಿಯಿತು. ನಾಲೆಗಳ ಇಲಾಖೆಗೆ ಫೋನು ಮಾಡಿದರೆ ಖಾಸಗಿ ಕಾಲುವೆ, ವಸಂತಕ್ಕೆ ಬಂದು ನೋಡುತ್ತೇವೆ ಎಂದರು. ಪಕ್ಕದ ಹೊಲದ ಡೆನ್ ಸ್ಟಕಿ, ನನ್ನ ಜೊತೆ ಶಾಲೆಯಲ್ಲಿ ಓದಿದವನು, ತನ್ನ ಮಣ್ಣು ಅಗೆಯುವ ಯಂತ್ರವನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, ಒಡ್ಡಿನ ಪಕ್ಕ ಜೇಡಿಮಣ್ಣು ಗುಡ್ಡೆ ಹಾಕಿದ. ಅದನ್ನು ಲ್ಯಾಂಗ್ಲಿ ದುರ್ಬೀನಿನಲ್ಲಿ ನೋಡಿರಬೇಕು. ಮೂರನೇ ದಿನಕ್ಕೆ ಇನ್ನೊಂದು ಪತ್ರ ಬಂತು. ಒಡ್ಡಿನ ಮೇಲೆ ಒಂದು ಬುಟ್ಟಿ ಮಣ್ಣು ಬಿದ್ದರೂ ಕೋರ್ಟಿನ ಆದೇಶ ತಂದು ತೆಗೆಸುತ್ತೇವೆ, ನಷ್ಟವೂ ನಿಮ್ಮದೇ. ನಾನು ಆ ಪತ್ರವನ್ನು ಒಲೆಗೆ ಹಾಕಿದೆ. ಹಾಕಿದರೂ ಅದರ ಮಾತು ಸುಡಲಿಲ್ಲ.

ಜನವರಿಯ ಆ ಬೆಳಿಗ್ಗೆ ಎದ್ದು ನೋಡುವಾಗ ಹುಲ್ಲುಗಾವಲು ಇರಲಿಲ್ಲ, ಬೇಲಿಗಳ ತಲೆ ಮಾತ್ರ ಇತ್ತು. ಕಾಲುವೆ ಉಕ್ಕಿ ನಮ್ಮ ಅಂಗಳಕ್ಕೆ ಹರಿಯುತ್ತಿತ್ತು. ಬಾಗಿಲಿಗೆ ಮರಳಿನ ಚೀಲ ಒಟ್ಟಿದ್ದೆವು, ಆದರೆ ನನ್ನ ಭಯ ಬಾಗಿಲಲ್ಲ, ಗೋಡೆ. ಮಧ್ಯಾಹ್ನದ ಹೊತ್ತಿಗೆ ನೀರು ಕಲ್ಲಿನ ತಳಪಾಯದ ಅಂಚಿಗೆ ಬಂದಿತ್ತು. ಅದರ ಮೇಲೆ ಬರೀ ಮಣ್ಣು. ನಾನು ಅಡುಗೆಮನೆಯ ಹಿಂದಿನ ಗೋಡೆಗೆ ಅಂಗೈ ಇಟ್ಟೆ. ತಣ್ಣಗಿತ್ತು, ಇನ್ನೂ ಒಣಗಿಯೇ ಇತ್ತು. ನಾನು ಹುಟ್ಟಿದ್ದು ಆ ಗೋಡೆಯ ಈಚೆ. ಅಮ್ಮ ಸತ್ತದ್ದೂ ಅಲ್ಲೇ.

ನದಿಯಲ್ಲಿ ಆಗ ಇಳಿತ. ತೂಬು ಸರಿಯಾಗಿದ್ದರೆ ಇಷ್ಟೂ ನೀರು ಆ ಹೊತ್ತಿನಲ್ಲಿ ನದಿಗೆ ಬಿದ್ದುಹೋಗುತ್ತಿತ್ತು. ಇನ್ನೆರಡು ಗಂಟೆಯಲ್ಲಿ ಉಬ್ಬರ ತಿರುಗುತ್ತದೆ. ನದಿ ಏರಿದ ಮೇಲೆ ಬಾಗಿಲು ತೆರೆಯುವ ಮಾತೇ ಇಲ್ಲ.

ಡೆನ್ ಯಂತ್ರದ ಮೇಲೆ ಕೂತು ಇಂಜಿನ್ ಹಚ್ಚಿದ್ದ. ಬಕೆಟ್ಟಿನ ತುಂಬ ಜೇಡಿಮಣ್ಣು ತುಂಬಿ ಒಡ್ಡಿನ ಮೇಲೆ ಹಿಡಿದು ಕಾಯುತ್ತಿದ್ದ.

"ನೀನು ಹೂಂ ಅನ್ನು ಮೇವಿಸ್, ಸಾಕು. ಅರ್ಧ ಗಂಟೇಲಿ ಕಟ್ಟಿ ಮುಗಿಸ್ತೀನಿ. ಕೋರ್ಟು ಗೀರ್ಟು ಆಮೇಲೆ ನೋಡ್ಕೊಳ್ಳೋಣ."

ಹೂಂ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಎಷ್ಟು ಸುಲಭ, ಎಷ್ಟು ನ್ಯಾಯ. ಅವರು ಕೈಬಿಟ್ಟ ಕಾಲುವೆಯ ನೀರು ಅವರ ಮನೆಗೇ ಹೋಗಲಿ, ಕ್ಲೆಮೆನ್ಸಿ ಕನ್ನಡಿಯನ್ನು ನಡುಮನೆಯಲ್ಲೇ ಕೂತು ನೋಡಲಿ. ನನಗೆ ಅಜ್ಜನ ಮೇಲೂ ಸಿಟ್ಟು ಬಂತು. ಮಾತು ಕೊಡುವಾಗ ಈ ಗೋಡೆ ನೆನಪಾಗಲಿಲ್ಲವೇ ಆ ಮುದುಕನಿಗೆ? ಆದರೆ ಅವನು ಸಾಯುವ ತನಕ ಪ್ರತಿ ಚಳಿಗಾಲ ಆ ಒಡ್ಡಿನ ಮೇಲೆ ನಡೆದು, ದನ ತುಳಿದು ಎದ್ದ ಮಣ್ಣನ್ನೂ ಸಲಿಕೆಯಿಂದ ಸವರಿ ಮಟ್ಟ ಮಾಡುತ್ತಿದ್ದದ್ದು ನನಗೆ ಗೊತ್ತಿತ್ತು. ಒಂದು ಗೇಣು ಹೆಚ್ಚಾದರೂ ಡಾಕ್ಟರಿಗೆ ಮೋಸ ಮಾಡಿದ ಹಾಗೆ ಎನ್ನುತ್ತಿದ್ದ. ತಾಳು ಎಂದು ಕೈ ತೋರಿಸಿದೆ. ಡೆನ್ ಇಂಜಿನನ್ನು ಆರಿಸಲಿಲ್ಲ.

ಅಷ್ಟರಲ್ಲಿ ಬಂಡಿದಾರಿಯ ಗೇಟಿನ ಆಚೆ ಲ್ಯಾಂಗ್ಲಿ ಕಾಣಿಸಿಕೊಂಡ. ತೊಡೆತನಕ ಒದ್ದೆ, ತಲೆಗೆ ಟೊಪ್ಪಿಯಿಲ್ಲ, ದುರ್ಬೀನೂ ಇಲ್ಲ. ಮುಂದಿನ ರಸ್ತೆ ಮುಳುಗಿ ಅವನ ಕಾರು ಮನೆಯ ಮುಂದೆಯೇ ಸಿಕ್ಕಿಬಿದ್ದಿತ್ತು. ಮನೆಯಲ್ಲಿ ನಾಳೆಗೆ ರೊಟ್ಟಿಯೂ ಇಲ್ಲ, ವಿದ್ಯುತ್ತೂ ಹೋಗಿದೆ, ಕ್ಲೆಮೆನ್ಸಿ ಹೆದರಿದ್ದಾಳೆ ಎಂದ. ಬಂಡಿದಾರಿಯಲ್ಲಿ ಕಾರು ತಂದುಬಿಟ್ಟರೆ ಟಾಂಟನ್ನಿಗೆ ಹೋಗಿ ಹೋಟೆಲಿನಲ್ಲಿ ಇರುತ್ತೇವೆ. ಗೇಟು ತೆಗೆಯಬಹುದೇ?

"ಅಯ್ಯೋ, ಅದಕ್ಕೇನಂತೆ ಸಾರ್," ಎಂದ ಸಿರಿಲ್. ಹಿಂಬಾಗಿಲ ಹತ್ತಿರ ನಿಂತಿದ್ದವನು ಆಗಲೇ ಮೊಳೆಯಿಂದ ಕೊಕ್ಕೆ ಇಳಿಸಿದ್ದ. ಅವನ ಇನ್ನೊಂದು ಕೈ ಜೇಬಿಗೆ ಹೋಯಿತು, ಚಾಕು ಹುಡುಕಲಿಕ್ಕೆ.

ನಾನು ಓಡಲಿಲ್ಲ, ಆ ನೀರಿನಲ್ಲಿ ಓಡಲಾಗುತ್ತಿರಲಿಲ್ಲ. ಆದರೆ ಅವನ ಮಣಿಕಟ್ಟು ಹಿಡಿದಾಗ ಚಾಕು ಇನ್ನೂ ಬಿಚ್ಚಿರಲಿಲ್ಲ.

"ಅದನ್ನ ಕತ್ತರಿಸಿದ್ರೆ, ಈ ಮನೆಗೆ ನೀನು ಮತ್ತೆ ಕಾಲಿಡಬೇಡ," ಎಂದೆ, ಮೆಲ್ಲಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಅವನು ನನ್ನ ಮುಖ ನೋಡಿ ಚಾಕುವನ್ನು ಜೇಬಿಗೆ ಹಾಕಿಕೊಂಡ. ಸುತ್ತಮುತ್ತ ಕೆಟಲ್ ಇರಲಿಲ್ಲ.

ಕೊಕ್ಕೆಯನ್ನು ನಾನೇ ಹೊತ್ತು ಗೇಟಿಗೆ ಹೋದೆ. ಸರಳುಗಳ ಮೇಲೆ ಅಡ್ಡ ಇಟ್ಟೆ. ಬೀಗದಕೈ ಅದರ ಹಿಡಿಯಿಂದ ತೂಗುತ್ತಿತ್ತು.

"ನೀವಿಬ್ಬರೂ ಕಾಲ್ನಡಿಗೇಲಿ ಬಂದ್ರೆ ನನ್ನ ಅಡುಗೆಮನೇಲಿ ಕೂತ್ಕೊಳ್ಳಿ, ಸೂಪ್ ಇದೆ. ಅದಕ್ಕೆ ಯಾವ ಕಾಗದಾನೂ ಬೇಡ," ಎಂದೆ. "ಅಡುಗೆಮನೆ ನಿಂತಿದ್ರೆ. ಆದ್ರೆ ಗೇಟಿನ ಬೀಗದಕೈ ಬೇಕು ಅಂದ್ರೆ ಇದು ಹೀಗೇ ಸಿಗೋದು. ಎರಡೂ ಒಟ್ಟಿಗೆ."

"ಇದು ಬೆದರಿಕೆ, ಮಿಸೆಸ್ ಹೆಂಬ್ರೋ."

"ಇದು ಕರಾರು. ನಿಮ್ಮ ವಕೀಲ್ರು ಮೊದಲೆರಡು ಕರಾರು ಓದಿ ನಿಲ್ಲಿಸಿದ್ರು. ಮೂರನೇದೂ ಇತ್ತು."

ಅವನಿಗೆ ಸಿಟ್ಟು ಬಂದಿತ್ತು. ತಿರುಗಿ ಹೊರಡುತ್ತಾನೆ ಎಂದುಕೊಂಡೆ. ಹೊರಟಿದ್ದರೆ ನನ್ನ ಕಥೆ ಮುಗಿದಂತೆಯೇ. ಗೋಡೆ ಹೋಗುತ್ತಿತ್ತು, ಅಥವಾ ನಾನು ಡೆನ್‌ಗೆ ಹೂಂ ಎನ್ನುತ್ತಿದ್ದೆ. ಯಾವುದು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಆಗ ಅವನ ಕಣ್ಣು ನನ್ನ ಹೆಗಲ ಮೇಲಿಂದ ಆಚೆ ಹೋಯಿತು. ಗಾಳಿಯಲ್ಲಿ ಮಣ್ಣು ತುಂಬಿದ ಬಕೆಟ್ಟು, ಅದರ ಕೆಳಗೆ ಹಳೆಯ ಮಟ್ಟದಲ್ಲೇ ಇದ್ದ ಒಡ್ಡು, ಅದರ ಮೇಲಿಂದ ನಮ್ಮ ಅಂಗಳಕ್ಕೆ ಸುಮ್ಮನೆ ಇಳಿಯುತ್ತಿದ್ದ ನೀರು, ನೀರಿನಲ್ಲಿ ನಿಂತ ನಮ್ಮ ಮನೆ.

"ನೀವು ಏರಿಸಿಲ್ಲ," ಎಂದ.

"ಏರಿಸೋ ಹಾಗಿಲ್ವಲ್ಲ."

"ಇಂಥಾ ಹೊತ್ತಲ್ಲಿ ಯಾರು ತಡೀತಿದ್ರು?"

"ಮಾತು ಕೊಟ್ಟಿದ್ದು ನಮ್ಮಜ್ಜ," ಎಂದೆ. ನನ್ನ ದನಿ ಒಡೆಯಿತು, ಅದಕ್ಕೆ ನನಗೇ ಕೋಪ ಬಂತು. "ಇಳಿತ ಮುಗೀತಾ ಬಂತು ಮಿಸ್ಟರ್ ಲ್ಯಾಂಗ್ಲಿ. ತಗೊಳ್ಳೋದಾದ್ರೆ ಬೇಗ ತಗೊಳ್ಳಿ."

ಅವನು ಕೈ ಚಾಚಿ ಬೀಗದಕೈಯನ್ನಲ್ಲ, ಕೊಕ್ಕೆಯ ಹಿಡಿಯನ್ನು ಹಿಡಿದ. ಗೇಟು ತೆಗೆಯಲೂ ಇಲ್ಲ, ಕಾರಿನ ಕಡೆ ಹೋಗಲೂ ಇಲ್ಲ. ತೋಟದೊಳಗೆ ಬನ್ನಿ, ಎಲ್ಲಿಂದ ಶುರು ಮಾಡಬೇಕು ತೋರಿಸಿ ಎಂದ. ಅವನ ನೆಲಕ್ಕೆ ಅವನೇ ಕರೆದ ಮೇಲೆ ತಡವೇನು? ನಾನು, ಡೆನ್, ಸಿರಿಲ್ ಮೂವರೂ ಸಿಕ್ಕ ಸಲಿಕೆ, ಕುಡುಗೋಲು ಹಿಡಿದು, ಗೇಟು ಹತ್ತಿ ದಾಟಿ ಅವನ ಹಿಂದೆ ಹೋದೆವು.

ಆ ಮನುಷ್ಯನಿಗೆ ಕೊಕ್ಕೆ ಹಾಕಲಿಕ್ಕೇ ಬರುತ್ತಿರಲಿಲ್ಲ. ಜೊಂಡನ್ನು ಬುಡದಲ್ಲಿ ಹಿಡಿಯದೆ ತಲೆಗೆ ಹಾಕಿ ಎಳೆದು, ಅದು ಕಿತ್ತುಬಂದಾಗ ಹಿಂದಕ್ಕೆ ಬಿದ್ದು, ಮೂಗಿನ ತನಕ ಕೆಸರಾದ. ಬೇರೆ ದಿನವಾಗಿದ್ದರೆ ಡೆನ್ ಅದನ್ನು ಊರಿಡೀ ಹೇಳಿಕೊಂಡು ನಗುತ್ತಿದ್ದ, ಅವತ್ತು ಯಾರೂ ನಗಲಿಲ್ಲ. ಕಾಲುವೆ ಪೂರ್ತಿ ತೆಗೆಯಲು ಸಮಯವಿರಲಿಲ್ಲ. ತೂಬಿನ ಬಾಯಿಂದ ಶುರು ಮಾಡಿ ಒಂದು ಓಣಿಯಷ್ಟು ಬಿಡಿಸಿದರೂ ಸಾಕಿತ್ತು. ಕ್ಲೆಮೆನ್ಸಿ ಮಳೆಯಂಗಿ ಹಾಕಿಕೊಂಡು ಬಂದು, ನಾವು ಎಳೆದದ್ದನ್ನು ಬರಿಗೈಯಲ್ಲಿ ದಡಕ್ಕೆ ಹೊತ್ತಳು. ನದಿಯ ಕೆಸರುದಡದ ಮೇಲೆ ನೀರಿನ ಗೆರೆ ಏರಲು ಶುರುವಾಗಿತ್ತು. ಉಬ್ಬರ ತಿರುಗಿತ್ತು.

ತೂಬಿನ ಬಾಗಿಲು ಹೂಳಿನಲ್ಲಿ ಕೂತಿತ್ತು. ಲ್ಯಾಂಗ್ಲಿ ಎದೆಮಟ್ಟ ನೀರಿಗೆ ಇಳಿದು, ಅದರ ಕೆಳಗಂಚಿಗೆ ಕೊಕ್ಕೆಯ ಹಲ್ಲು ಸಿಕ್ಕಿಸಿದ. ಡೆನ್ ಅವನ ಸೊಂಟಕ್ಕೆ ಹಗ್ಗ ಸುತ್ತಿ ದಡದಿಂದ ಹಿಡಿದ. ಸಿರಿಲ್, ಜಗಳವೆಂದರೆ ಮಾರುದೂರ ಹೋಗುವ ನನ್ನ ಸಿರಿಲ್, ಯಾರೂ ಹೇಳದೆಯೇ ನೀರಿಗೆ ಇಳಿದು ಕೊಕ್ಕೆಯ ಹಿಡಿಯ ನಡುವೆ ಹೆಗಲು ಕೊಟ್ಟ. ಇಬ್ಬರೂ ಒಟ್ಟಿಗೆ ಮೀಟಿದರು. ಮರದ ಹಿಡಿ ಕಿರುಗುಟ್ಟಿತು. ಅದು ಮುರಿದರೆ ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

ಮೊದಲು ಸದ್ದು ಕೇಳಿಸಿತು. ದೊಡ್ಡ ಪಾತ್ರೆಯಿಂದ ಗಂಟಲಿಗೆ ನೀರು ಇಳಿದ ಹಾಗೆ ಒಂದು ಗುಟುಕು, ಆಮೇಲೆ ಒಂದೇ ಸಮನೆ ಭೋರೆಂದು. ಡೆನ್ ಹಗ್ಗ ಎಳೆದು ಇಬ್ಬರನ್ನೂ ದಡಕ್ಕೆ ತಂದ. ಕಾಲುವೆಯ ನೀರು ನಾವು ಬಿಡಿಸಿದ ಓಣಿಯಲ್ಲಿ ಓಡತೊಡಗಿತು. ನದಿ ಏರಿ ಬಾಗಿಲನ್ನು ತಳ್ಳಿ ಮುಚ್ಚುವ ತನಕ ಸಿಕ್ಕ ಹೊತ್ತು ಸ್ವಲ್ಪವೇ. ಆದರೆ ಅಷ್ಟು ಸಾಕಾಯಿತು.

ಮನೆಗೆ ಓಡಿ ಬಂದು ಹಿಂದಿನ ಗೋಡೆಗೆ ಕೈ ಇಟ್ಟೆ. ಬುಡದಲ್ಲಿ ಒಂದು ಬೆರಳಗಲ ಮಣ್ಣು ಮೆತ್ತಗಾಗಿತ್ತು. ಅದರ ಮೇಲೆ ಒಣಗಿಯೇ ಇತ್ತು. ಅಂ‌ಗಳದ ನೀರು ಕಲ್ಲಿನಿಂದ ಕೆಳಗೆ ಇಳಿದಿತ್ತು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ. ಸಂತೋಷಕ್ಕೋ ಆಯಾಸಕ್ಕೋ ಎಂದು ಕೇಳಿದರೆ ಎರಡಕ್ಕೂ.

ಅವತ್ತು ಸಂಜೆ ಲ್ಯಾಂಗ್ಲಿ ದಂಪತಿಗಳು ನಮ್ಮ ಒಲೆಯ ಮುಂದೆ ಕೂತು ಸೂಪ್ ಕುಡಿದರು. ಟಾಂಟನ್ನಿಗೆ ಹೋಗಲಿಲ್ಲ, ಮುಂದಿನ ಇಳಿತಕ್ಕೆ ಕಾಲುವೆಯ ಇನ್ನೊಂದಷ್ಟು ತೆಗೆಯಬೇಕಿತ್ತಲ್ಲ. ಕ್ಷಮಿಸಿ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವನು ಪ್ರತಿವರ್ಷ ಹಕ್ಕಿಗಳು ಗೂಡು ಬಿಟ್ಟುಹೋದ ಮೇಲೆ, ಅಕ್ಟೋಬರಿನಲ್ಲಿ, ಕಾಲುವೆಗೆ ಇಳಿಯುತ್ತಿದ್ದ. ಕೊಕ್ಕೆ ಹಾಕುವುದು ಕೊನೆಯ ತನಕವೂ ನೆಟ್ಟಗೆ ಬರಲಿಲ್ಲ. ಬಂಡಿದಾರಿಯಲ್ಲಿ ಅವನ ಕಾರು ಓಡಾಡಿತು. ನಮ್ಮ ಒಡ್ಡು ಇದ್ದಷ್ಟೇ ಇತ್ತು.

ಕ್ಲೆಮೆನ್ಸಿಯ ಮೊಣಕಾಲಿಗೆ ಆ ಥಂಡಿ ಆಗಿಬರಲಿಲ್ಲ. ಕೆಲವು ವರ್ಷದ ಮೇಲೆ ಮನೆ ಮಾರಿದರು. ಕೊಂಡವರು ಬ್ರಿಸ್ಟಲ್ಲಿನವರು, ಮುಂದಿನ ವಾರ ಬರುವವರಿದ್ದರು. ಲ್ಯಾಂಗ್ಲಿ ಹೊರಡುವ ದಿನ ಬೆಳಿಗ್ಗೆ ಹಿಂಬಾಗಿಲಿಗೆ ಬಂದು ಕೊಕ್ಕೆಯನ್ನು ಗೋಡೆಗೆ ಒರಗಿಸಿದ. ಬೀಗದಕೈ ಅದರ ಜೊತೆಗೇ ಇತ್ತು, ಆದರೆ ಹುರಿ ಇರಲಿಲ್ಲ. ಹಿಡಿಗೆ ತೂತು ಕೊರೆದು, ಒಂದು ಕಬ್ಬಿಣದ ಸರಪಣಿ ತೂರಿಸಿ, ಎರಡು ತುದಿಯನ್ನೂ ಬೀಗದಕೈಯ ಬಳೆಗೆ ಸೇರಿಸಿ ಬೆಸುಗೆ ಹಾಕಿಸಿದ್ದ. ಬೆಸುಗೆ ಹೊಸದು, ಇನ್ನೂ ಹೊಳೆಯುತ್ತಿತ್ತು.

"ಕೋರ್ಟಿನಲ್ಲಿ ಈ ಸರಪಣಿಗೆ ಏನೂ ಬೆಲೆ ಇಲ್ಲ, ನಂಗೊತ್ತು," ಎಂದ. "ಬರೋರಿಗೆ ದಾರಿ ಬೇಡ ಅನಿಸಿದ್ರೆ ಬೇಡ. ಆದ್ರೆ ಬೇಕು ಅಂದ್ರೆ, ಯಾರೋ ಪಾಪ ಅಂತ ಚಾಕು ತೆಗೆಯೋಕೆ ಆಗಬಾರದು."

ಅವನು ಸಿರಿಲ್‌ನ ಕಡೆ ನೋಡಲಿಲ್ಲ, ಅಷ್ಟು ಮರ್ಯಾದೆ ಅವನಿಗಿತ್ತು. ನಾನು ನೋಡಿದೆ. ನನ್ನ ಗಂಡ ಸರಪಣಿಯನ್ನು ಕೈಯಲ್ಲಿ ತೂಗಿ, ಬೆಸುಗೆಯನ್ನು ಉಗುರಿನಿಂದ ಒತ್ತಿ ನೋಡಿ, ಕೊಕ್ಕೆಯನ್ನು ಎತ್ತಿ ಹಳೆಯ ಮೊಳೆಗೆ ನೇತುಹಾಕಿದ. ಆಮೇಲೆ ಕೆಟಲ್ ಇಡಲು ಒಳಗೆ ಹೋದ.